ಅಲಸಂದೆ ಗುಂಡಿಯ ಮೂಲೆ

ಊರವರು ಅವಳನ್ನು ಪುಕ್ಕಲಕ್ಕ ಅನ್ನುತ್ತಿದ್ದರು. ಸುಮ್ಮನೆ ಅಲ್ಲ ಬಿಡಿ, ಹಾಲು ಉಕ್ಕಿದರೂ ಮನೆಗೇ ಬೆಂಕಿ ಬಿತ್ತೇನೋ ಎಂದು ಓಡಿಬರುವ ಜೀವ ಅದು. ಅಂಥವಳು ಆ ವರ್ಷ ಅಲಸಂದೆ ಸೊಪ್ಪನ್ನು ಗುಂಡಿಯಲ್ಲಿ ಹುಳಿ ಬರಿಸಿ ರಸಮೇವು ಮಾಡುತ್ತೇನೆಂದು ಹಟ ಹಿಡಿದಳು. ಒಣಮೇವು ತಿಂದು ತಿಂದು ದನಗಳ ಹಾಲು ಇಳಿದುಹೋಗಿತ್ತು. ಗಬ್ಬದ ಕೆಂದ ಹಸುವಿನ ಪಕ್ಕೆಲುಬು ಎಣಿಸುವಂತಿತ್ತು. ಅಲಸಂದೆಯಲ್ಲಿ ಸತ್ವ ಜಾಸ್ತಿ. ಆದರೆ ಸಿಹಿ ಕಮ್ಮಿ, ನೀರು ಹೆಚ್ಚು. ಹುಳಿ ಬರುವ ಬದಲು ಕೊಳೆತುಹೋಗುತ್ತದೆ. ಅದಕ್ಕೇ ಅವಳು ಸೊಪ್ಪನ್ನು ಬಾಡಿಸಿ, ಕತ್ತರಿಸಿ, ಜೋಳದ ದಂಟು ಬೆರೆಸಿ, ಕಾಕಂಬಿ ನೀರು ಚಿಮುಕಿಸಿ, ಗುಂಡಿಗೆ ತುಂಬಿ ಗಾಳಿ ಉಳಿಯದಂತೆ ತುಳಿದಳು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಣ್ಣು.

“ಇನ್ನು ಅದರ ತಂಟೆಗೆ ಹೋಗ್ಬೇಡ,” ಅಂದ ಗಂಡ. “ಗಾಳಿ ಹೊಕ್ಕರೆ ಕೆಟ್ಟುಹೋಗುತ್ತೆ.”

ಹೂಂ ಅಂದಳು. ಆದರೆ ಪುಕ್ಕಲು ಮನಸ್ಸು ಸುಮ್ಮನಿರುತ್ತದೆಯೇ? ಒಳಗೆ ಕೊಳೆಯುತ್ತಿದ್ದರೆ? ತಿಂದ ದನಗಳು ಕಾಲು ಚಾಚಿದರೆ? ಬೆಳಗ್ಗೆ ಸಗಣಿ ಬಾಚಿದವಳು ಗಂಡ ಇಲ್ಲದ ಹೊತ್ತು ನೋಡಿ, ಹಾಳೆಯ ಮೂಲೆ ಎತ್ತಿ, ಒಂದು ಹಿಡಿ ತೆಗೆದು ಮೂಸುತ್ತಿದ್ದಳು. ಹುಳಿ ವಾಸನೆ ಬಂದರೆ ಮಧ್ಯಾಹ್ನದವರೆಗೆ ನೆಮ್ಮದಿ. ಮಾರನೆಯ ದಿನ ಮತ್ತೆ ಅದೇ ಮೂಲೆ.

ಒಂದು ಬೆಳಗ್ಗೆ ವಾಸನೆ ಬೇರೆಯಾಗಿತ್ತು. ಕೈಗೆ ಲೋಳೆ ಅಂಟಿತು, ಆ ಮೂಲೆಯೆಲ್ಲ ಬಿಳಿ ಬೂಷ್ಟು. ಪಕ್ಕದಲ್ಲೇ ಯಾರೋ ಬುಟ್ಟಿಗಟ್ಟಲೆ ತೋಡಿದ ಗುರುತು.

ಕೊಟ್ಟಿಗೆಗೆ ಓಡಿದಳು. ಕೆಂದ ಹಸುವಿನ ಗೋದಲಿ ಖಾಲಿ. ಅತ್ತೆ ಅದರ ಕತ್ತು ತುರಿಸುತ್ತಾ ನಿಂತಿದ್ದರು.

“ನೀನು ದಿನಾ ತೆಗೆಯೋದು ನೋಡ್ತಿದ್ದೆ ಕಣೆ. ಮೇವು ಹದಕ್ಕೆ ಬಂದಿದೆ ಅಂದ್ಕೊಂಡು ನಿನ್ನೆಯಿಂದ ನಾನೂ ಅಲ್ಲಿಂದಲೇ ಇದಕ್ಕೆ ತಂದು ಹಾಕ್ತಿದ್ದೀನಿ. ನನ್ನ ಮೂಗಿಗಂತೂ ವಾಸನೆ ತಿಳಿಯೋದು ನಿಂತು ಎಷ್ಟೋ ಕಾಲ ಆಯ್ತು.”

ಅದು ಕೆಟ್ಟಿದೆ ಎಂದು ಹೇಳಬೇಕು, ಆದರೆ ನಾಲಿಗೆ ಏಳಲಿಲ್ಲ. ಕೊಳೆತದ್ದನ್ನು ತೋಡಿ ಎಸೆದು, ಉಳಿದದ್ದನ್ನು ಬಿಗಿಯಾಗಿ ಮುಚ್ಚಿದಳು. ಆಮೇಲೆ ಅವಳಿಗೆ ಊಟ ಸೇರಲಿಲ್ಲ. ಹಸು ಕೆಮ್ಮಿದರೂ ಜೀವ ಬಾಯಿಗೆ ಬರುತ್ತಿತ್ತು.

ಹೆದರಿದಂತೆಯೇ ಆಯಿತು. ದಿನ ತುಂಬುವ ಮೊದಲೇ ಹಸು ಕಂದು ಹಾಕಿತು. ಕರುವಿಗೆ ಉಸಿರಿರಲಿಲ್ಲ. ದನದ ಡಾಕ್ಟರು ಕೈ ತೊಳೆಯುತ್ತಾ ಕೇಳಿದರು, “ಬೂಷ್ಟು ಹಿಡಿದ ಮೇವು ತಿಂದಿತ್ತಾ?”

ಅತ್ತೆ ಗೋಡೆಗೆ ಒರಗಿ ಕುಸಿದರು. “ನಾನೇ ತಿನ್ನಿಸಿದೆ. ಈ ಕೈಯಾರೆ.”

ಅವಳು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗಂಡನ ಬೈಗುಳದ ಭಯ ಇದ್ದೇ ಇತ್ತು. ಆದರೆ ಅತ್ತೆಯ ಮುಖ ನೋಡಿದಾಗ, ಇವರು ಸಾಯುವವರೆಗೂ ಇದನ್ನು ಹೊತ್ತುಕೊಂಡೇ ಇರುತ್ತಾರೆ ಎಂಬ ಭಯ ಅದಕ್ಕಿಂತ ದೊಡ್ಡದಾಯಿತು.

“ಅಲ್ಲತ್ತೆ. ದಿನಾ ಹಾಳೆ ಎತ್ತಿ ಕೆಡಿಸಿದ್ದು ನಾನು. ಕೆಟ್ಟಿದೆ ಅಂತ ಗೊತ್ತಾದ್ಮೇಲೂ ಬಾಯಿ ಬಿಡಲಿಲ್ಲ.”

ಗಂಡ ಬೈಯಲು ಬಾಯಿ ತೆರೆದ. ಅತ್ತೆ ಕೈ ಎತ್ತಿ ಅವನನ್ನು ತಡೆದು, ಗೋಡೆ ಹಿಡಿದು ಮೇಲೆದ್ದರು.

“ಗುಂಡಿಯಲ್ಲಿ ಉಳಿದದ್ದು?”

“ಚೆನ್ನಾಗಿದೆ.”

“ಹಾಗಾದ್ರೆ ತಂದು ಹಾಕು. ಅದಕ್ಕೆ ಹಸಿವಾಗಿದೆ.”

ಗುಂಡಿಯ ಆಚೆ ಬದಿಯಿಂದ ಬುಟ್ಟಿ ತುಂಬಿ ತಂದಳು. ಹಳದಿ ಮಿಶ್ರಿತ ಹಸಿರು, ಹದವಾದ ಹುಳಿ. ಹಸು ಬಾಯಿ ಹಾಕಿತು. ಅವಳು ಗೋದಲಿಯ ಅಂಚು ಬಿಗಿಹಿಡಿದು, ಒಂದೊಂದು ತುತ್ತನ್ನೂ ನೋಡುತ್ತಾ, ಅದು ತಿಂದು ಮುಗಿಸುವವರೆಗೂ ನಿಂತೇ ಇದ್ದಳು.