ಗೋಡೆ ನೆಕ್ಕುವ ದೊಡ್ಡಪ್ಪ

ದೊಡ್ಡಪ್ಪನ ನಾಲಿಗೆಯ ತುದಿ ಸುಣ್ಣಕ್ಕೆ ಬೆಂದು ಬಿರಿದಿತ್ತು. ಮೊಸರನ್ನ ಉಣ್ಣುವಾಗ ಉರಿ ತಾಳದೆ ಸ್ಸ್ ಎಂದು ಉಸಿರೆಳೆದುಕೊಳ್ಳುತ್ತಿದ್ದರು. ಎದುರು ಕುಳಿತ ನನಗೆ ತುತ್ತು ಇಳಿಯುತ್ತಿರಲಿಲ್ಲ. ನೆಂಟರಲ್ಲಿ ಯಾರೇ ಹಳೇ ಮನೆ ಕೊಳ್ಳಹೊರಟರೂ ದೊಡ್ಡಪ್ಪನನ್ನು ಕರೆದೊಯ್ಯುತ್ತಿದ್ದರು. ಅವರು ಗೋಡೆ ನೆಕ್ಕಿ ನೋಡುತ್ತಿದ್ದರು. ಉಪ್ಪು ಹತ್ತಿದರೆ ಒಳಗೆ ನೀರು ಜಿನುಗುತ್ತಿದೆ ಎಂದೇ ಲೆಕ್ಕ. "ಕಣ್ಣು ಲಂಚ ತಗೋತದೆ ಕಣೋ, ನಾಲಿಗೆ ತಗೊಳ್ಳಲ್ಲ" ಎನ್ನುತ್ತಿದ್ದರು. ಆಮೇಲೆ ಜೊಲ್ಲನ್ನು ಪಂಚೆಯ ಅಂಚಿಗೆ ಒರೆಸಿಕೊಂಡು, ಅದೇ ಅಂಚಿನಿಂದ ಮಕ್ಕಳ ಮುಖವನ್ನೂ ಒರೆಸುತ್ತಿದ್ದರು. ಹೀಗೆ ಬರೆದರೆ ಮುದ್ದಾದ ಮುದುಕನೆನಿಸಬಹುದು. ಅಲ್ಲ. ಹೇಸಿಗೆಯಾಗುತ್ತಿತ್ತು.

ಐವತ್ತರ ದಶಕದ ಕೊನೆಯಲ್ಲಿ ವಿದ್ಯಾರಣ್ಯಪುರಂನಲ್ಲಿ ನಮಗೊಂದು ಹಳೇ ಮನೆ ಸಿಕ್ಕಿತು. ಹೆಂಡತಿಗೆ ಆಗ ಏಳು ತಿಂಗಳು. ವಠಾರದ ಒಂಟಿ ಕೋಣೆಗೆ ಕೂಸನ್ನು ತರುವುದು ಇಬ್ಬರಿಗೂ ಬೇಡವಾಗಿತ್ತು. ಹೆಂಚು ಬದಲಿಸಿ, ನೆಲ ಕಿತ್ತು ಹೊಸದು ಹಾಕಿಸಿದರೆ ಸಾಕೆಂದು ನಾನು ಮನಸ್ಸಿನಲ್ಲೇ ಕೊಂಡುಬಿಟ್ಟಿದ್ದೆ. ಹೆಂಡತಿಯ ಜೊತೆ ದೊಡ್ಡಪ್ಪನನ್ನೂ ಕರೆದೊಯ್ದೆ. ಅವರು ಅಡಿಗೆಮನೆಗೆ ಹೋಗಿ ಒಲೆಯ ಪಕ್ಕದ ಗೋಡೆ ನೆಕ್ಕಿದರು. ಮತ್ತೆ ನೆಕ್ಕಿದರು.

"ಏನ್ ಸ್ವಾಮಿ, ಉಪ್ಪಿನಕಾಯಿ ತರಿಸ್ಲಾ?" ಎಂದು ಮನೆಯ ಯಜಮಾನ ನಕ್ಕ.

ದೊಡ್ಡಪ್ಪ ಹಿಂದಿನ ಓಣಿಗೆ ಹೋದರು. ನಾವೂ ಹೋದೆವು. ಅಡಿಗೆಮನೆಯ ಗೋಡೆಗೇ ಆತುಕೊಂಡು ಪಕ್ಕದ ವಠಾರದ ಕಕ್ಕಸು. ಗುಂಡಿ ತುಂಬಿ ಗೋಡೆಯ ಬುಡದವರೆಗೂ ಬಂದು ನಿಂತಿತ್ತು. ಮೇಲೆ ನೊಣ.

"ಥೂ! ಏನ್ ನೆಕ್ಬುಟ್ರಿ ದೊಡ್ಡಪ್ಪ!" ಎಂದೆ.

"ನಾನ್ ಒಂದಿನ ನೆಕ್ಕಿದೆ. ಇವಳು ದಿನಾ ಇದರ ಪಕ್ಕ ಕೂತು ಬೇಯಿಸ್ಬೇಕು ಕಣೋ."

"ಸಿಮೆಂಟು ಬಳಿಸಿದ್ರೆ ನಿಂತೋಯ್ತದೆ ಸ್ವಾಮಿ" ಎಂದ ಯಜಮಾನ. "ಇದೇನ್ ದೊಡ್ಡ ರಿಪೇರೀನಾ?"

"ಗೋಡೆ ರಿಪೇರಿ ಮಾಡ್ತೀರಿ. ಆ ವಠಾರದವರ ಹೊಟ್ಟೆ ರಿಪೇರಿ ಮಾಡಕ್ಕಾಯ್ತದಾ?"

ಗುಂಡಿ ಬೇರೆಡೆ ತೋಡಿಸುವಂತೆ ಆ ವಠಾರದವರನ್ನು ಕೇಳಿನೋಡೋಣ ಎಂದು ನಾನು ಇನ್ನೂ ಗೊಣಗುತ್ತಿದ್ದೆ. ಹೆಂಡತಿ ಓಣಿಯಲ್ಲೇ ವಾಂತಿ ಮಾಡಿಕೊಂಡಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಈ ಮನೆ ಬೇಡ ಕಣ್ರೀ" ಎಂದಳು. ಆಗ ದೊಡ್ಡಪ್ಪ ನಕ್ಕರು ಎಂದು ಅವಳು ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅವರು ಉಗುಳುತ್ತಲೇ ಇದ್ದಾರೆ. ಯಾವುದು ಸರಿಯೋ ತಿಳಿಯದು.

ಮನೆ ಕೊಳ್ಳಲಿಲ್ಲ. ಮಗಳು ನಮ್ಮ ವಠಾರದ ಕೋಣೆಗೇ ಬಂದಳು. ಅವಳ ನಾಮಕರಣದ ಹೊತ್ತಿಗೆ ದೊಡ್ಡಪ್ಪ ಇರಲಿಲ್ಲ, ವಾಂತಿಭೇದಿಯಲ್ಲಿ ಹೋದರು. ಆ ಗೋಡೆಯಿಂದಲೇ ಎಂದರೆ ಕತೆ ಚೆನ್ನಾಗಿ ಮುಗಿಯುತ್ತದೆ. ನಡುವೆ ತಿಂಗಳುಗಳೇ ಕಳೆದಿದ್ದವು, ಆದ್ದರಿಂದ ಸುಳ್ಳು. ಮಗಳು ಆ ಅಡಿಗೆಮನೆಯ ಅನ್ನ ಉಣ್ಣದೆ ಬೆಳೆದಳು; ಆ ಋಣ ನಿಜ. ಅವರನ್ನು ನೆನೆದರೆ ಇವತ್ತಿಗೂ ನನಗೆ ಓಕರಿಕೆ ಬರುತ್ತದೆ. ಅದೂ ನಿಜ.