ಫೋಟೋದ ಲಂಗ

ಬಿಕ್ಕೋಡಿನ ಕಾಫಿತೋಟದ ಕೂಲಿಲೈನಿನ ಮನೆಯೊಂದರಲ್ಲಿದ್ದ ಆ ಹೆಂಗಸು ಹೆಬ್ಬೆಟ್ಟು ಒತ್ತುವ ಮುಂಚೆಯೂ ಕೈ ತೊಳೆದು ಬರುತ್ತಿದ್ದಳು. ಅಲ್ಲಿನ ಮಕ್ಕಳನ್ನು ಓದಿಸುತ್ತಿದ್ದ ಪರದೇಶದ ದಾನಿಗಳಿಗೆ ವರ್ಷಕ್ಕೊಮ್ಮೆ ಆ ಮಕ್ಕಳ ಫೋಟೋ ಕಳಿಸುವುದು ನನ್ನ ಕೆಲಸ. ಲೈನಿಗೆಲ್ಲ ಇದ್ದ ಒಂದೇ ರೇಷ್ಮೆ ಲಂಗ ಅವಳ ಮಗಳದು. ಹುಡುಗಿಯರೆಲ್ಲ ಸರದಿಯಲ್ಲಿ ಅದನ್ನೇ ತೊಟ್ಟು ನಿಂತರು.

"ಫೋಟೋ ಅಂದ್ರೆ ಸುಮ್ನೇನಾ, ಸಾ?" ಎಂದಳು ಆ ಹೆಂಗಸು.

ಬಡವರಂತೆ ಕಾಣುವುದಿಲ್ಲವೆಂದು ನಮ್ಮ ಆಫೀಸಿನವರು ಫೋಟೋಗಳನ್ನು ವಾಪಸ್ ಕಳಿಸಿದರು.

"ಹರಿದಿರೋದು ಹಾಕ್ಸಮ್ಮ, ಇಲ್ದಿದ್ರೆ ಓದ್ಸೋದು ನಿಲ್ಲಿಸ್ತಾರೆ," ಎಂದೆ, ತಲೆ ತಗ್ಗಿಸಿ.

ಹರಿದದ್ದು ತಮ್ಮ ಮನೆಯಲ್ಲಿದೆ ಎಂದು ಯಾವ ತಾಯಿಯೂ ಒಪ್ಪಲಿಲ್ಲ. ಮರುವಾರ ಇವಳೇ ಒಂದು ಹರಕು ಲಂಗ ತಂದಳು. ಎಲ್ಲರೂ ಮತ್ತೆ ಸರದಿಯಲ್ಲಿ ಅದನ್ನೇ ತೊಟ್ಟರು. ಅದನ್ನು ಒಗೆದು, ಕೆಂಡದ ಚೊಂಬಿನಿಂದ ಇಸ್ತ್ರಿ ಮಾಡಿ, ರೇಷ್ಮೆ ಲಂಗದ ಜರಿ ಕಿತ್ತು ತೂತಿನ ಸುತ್ತ ಹೊಲಿದಿದ್ದಳು.

"ಫೋಟೋ ಅಂದ್ರೆ ಸುಮ್ನೇನಾ?"