ಬಂದರದ ಮಾಸ್ತರ

ನಮ್ಮ ಉಮರ್ಗಾದಾಗ ಕಲ್ಯಾಣಪ್ಪ ಮಾಸ್ತರ ಅಂದ್ರ ಯಾರಿಗೂ ತಿಳ್ಯೂದಿಲ್ಲ, ಬಂದರದ ಮಾಸ್ತರ ಅನ್ನಬೇಕು. ನಿಜಾಮರ ಸಾಲ್ಯಾಗ ಜುಗರಾಫಿಯಾ, ಅಂದ್ರ ಭೂಗೋಳ, ಕಲಸ್ತಾರ. ಉದಗೀರ ದಾಟಿ ಹೋದವರಲ್ಲ, ಸಮುದ್ರ ಕಂಡವರಂತೂ ಅಲ್ಲವೇ ಅಲ್ಲ. ಆದ್ರ ಕರಾವಳಿ ಊರುಗಳ ಚರಿತ್ರೆ ಎಲ್ಲಾ ಅವರ ಬಾಯಾಗ. ಸಂತ್ಯಾಗ ಗುಂಡಮ್ಮನ ಬದನೀಕಾಯಿ ಸಾಲಾಗಿ ಜೋಡಿಸಿ, “ಇದು ಜಕಾತಿ ಕಟ್ಟಿ, ಇದು ದೀಪದ ಗೋಪುರ, ಇದು ಮೀನಗಾರರ ಓಣಿ” ಅಂತಾರ. ಆಮ್ಯಾಲ “ಇದನ್ನ ಸಮುದ್ರ ನುಂಗಿತು, ಇದನ್ನೂ ನುಂಗಿತು” ಅನಕೋತ ಒಂದೊಂದೇ ತಮ್ಮ ಚೀಲಕ್ಕ ಹಾಕ್ತಾರ. “ರೊಕ್ಕಾ ಸಮುದ್ರ ಕೊಡ್ತದೇನ್ರೀ ಮಾಸ್ತರ?” ಅಂತ ಗುಂಡಮ್ಮ ಒದರತಾಳ. ಬ್ಯಾಸಗ್ಯಾಗ ಬಿರಕ ಬಿಟ್ಟ ಎರಿಹೊಲದಾಗ ನಮ್ಮ ಜೋಡಿ ಹೊಂಟಾಗೂ ಒಮ್ಮೆಲೇ ನಿಂತು, “ತಡೀರಿ, ಭರತಿ ಬಂತು, ಸಮುದ್ರ ಏರಲಿಕತ್ತದ” ಅಂತ ಧೋತರ ಮೊಣಕಾಲತನಾ ಎತ್ತತಾರ. ನಮಗ ನಕ್ಕು ನಕ್ಕು ಸಾಕಾಗತದ. ಮೊನ್ನಿ ಅವರ ಮನಿಗೆ ಹೋದಾಗ, ಹೆಣ್ತಿ ಪ್ರಯಾಗಬಾಯಿ ಅಂಗಳದಾಗ ಆ ಧೋತರ ಝಾಡಸ್ಲಿಕತ್ತಿದ್ರು; ಬೆಳ್ಳನ ಹರಳ ಉದುರಿದ್ವು. ನಾ ಒಂದ ಹರಳ ನಾಲಿಗಿಗೆ ಹಚ್ಚಿ ನೋಡಿದೆ, ಉಪ್ಪು. “ಮೊದಲ ಧೋತರದ ಅಂಚಿಗಷ್ಟೇ ಹತ್ತತಿತ್ತಪ್ಪಾ,” ಅಂದ್ರು ಪ್ರಯಾಗಬಾಯಿ, “ನಿನ್ನಿ ತಲಿಗೆ ಸುತ್ತೂ ರುಮಾಲಿನ್ಯಾಗೂ ಇತ್ತು.”